‘ಸಂಪರ್ಕಿಸಲು ಸಾಧ್ಯವಾಗುತ್ತಿಲ್ಲ’: ಲೆಕ್ಕದ ತಂತ್ರಾಂಶಗಳ ದೋಷಸಂದೇಶಗಳ ಒಂದು ವಿಮರ್ಶೆ

ನಿಮ್ಮ ಅಂಗಡಿಯಲ್ಲೋ ಸಹಕಾರ ಸಂಘದಲ್ಲೋ ಮೂರು ನಾಲ್ಕು ಗಣಕಗಳಿವೆ ಎಂದಿಟ್ಟುಕೊಳ್ಳಿ. ಲೆಕ್ಕದ ಕಡತಗಳು ಒಂದು ಮುಖ್ಯ ಗಣಕದಲ್ಲಿವೆ. ಉಳಿದ ಗಣಕಗಳ ಮುಂದೆ ಕುಳಿತವರು ಅದೇ ಲೆಕ್ಕವನ್ನು ಜಾಲದ ಮೂಲಕ ತೆರೆದು ಬಿಲ್ಲು, ವೋಚರು, ರಶೀದಿಗಳನ್ನು ದಾಖಲಿಸುತ್ತಾರೆ. ಎಲ್ಲವೂ ಸುಗಮವಾಗಿ ನಡೆಯುತ್ತಿರುವಾಗ ಒಂದು ಬೆಳಗ್ಗೆ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ: ‘ಸರ್ವರನ್ನು ಸಂಪರ್ಕಿಸಲು ಸಾಧ್ಯವಾಗುತ್ತಿಲ್ಲ. ನಿಮ್ಮ ಜಾಲವನ್ನು ಪರಿಶೀಲಿಸಿ.’ ಕೆಳಗೆ ‘ಸರಿ’ ಎಂಬ ಗುಂಡಿ. ಒತ್ತದೆ ಬೇರೆ ದಾರಿಯಿಲ್ಲ. ಒತ್ತಿದರೂ ಏನೂ ಸರಿಯಾಗುವುದಿಲ್ಲ.

ಈ ಸಂದೇಶವನ್ನು ನೀವು ನೋಡಿರದಿದ್ದರೆ ನಿಮ್ಮ ಅದೃಷ್ಟ. ನೋಡಿದ್ದರೆ, ಮುಂದೇನಾಗುತ್ತದೆ ಎಂಬುದೂ ನಿಮಗೆ ಗೊತ್ತು. ಯಾರನ್ನೋ ಕರೆಸುತ್ತೀರಿ. ಅವರು ನಾಲ್ಕಾರು ಗುಂಡಿಗಳನ್ನು ಒತ್ತಿ, ಎಲ್ಲವನ್ನೂ ಆರಿಸಿ ಮತ್ತೆ ಹಚ್ಚುತ್ತಾರೆ. ಲೆಕ್ಕ ತೆರೆದುಕೊಳ್ಳುತ್ತದೆ. ಏಕೆ ಕೆಟ್ಟಿತ್ತು, ಏಕೆ ಸರಿಯಾಯಿತು ಎಂದು ಅವರಿಗೂ ತಿಳಿಯದು, ನಿಮಗೂ ತಿಳಿಯದು. ಈ ಸಂದೇಶದ ಮತ್ತು ಈ ಬಗೆಯ ದುರಸ್ತಿಯ ವಿಮರ್ಶೆಯೇ ಈ ಲೇಖನದ ಉದ್ದೇಶ. ನಾನು ಗಣಕ ತಜ್ಞನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಕೆಲಸಕ್ಕೆ ಎರಡು ವಿಜ್ಞಾನಗಳಿಲ್ಲ.

ಬಂದರಿನ ಒಂದು ಅಂಗಡಿ

ಮಂಗಳೂರಿಗೆ ಲೆಕ್ಕ ಬರೆಯುವುದು ಹೊಸತಲ್ಲ. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದ್ದು ಇಲ್ಲೇ. ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಆರಂಭವಾದದ್ದೂ ಇಲ್ಲೇ. ಹಳೆ ಬಂದರಿನ ಸಗಟು ಅಂಗಡಿಗಳಲ್ಲಿ ಕೆಂಪು ಬಟ್ಟೆ ಹೊದೆಸಿದ ಖಾತೆ ಪುಸ್ತಕಗಳಿದ್ದ ಜಾಗದಲ್ಲಿ ಈಗ ಗಣಕಗಳಿವೆ. ಅಂಥದೊಂದು ಅಂಗಡಿ ನನ್ನ ಭಾವನವರದು.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ತಿಂಗಳ 18ನೆಯ ತಾರೀಕು ಅವರ ಅಂಗಡಿಯಲ್ಲಿ ಈ ಸಂದೇಶ ಕಾಣಿಸಿತು. ಹಿಂದಿನ ರಾತ್ರಿ ಕರೆಂಟು ಹಲವು ಸಲ ಹೋಗಿ ಬಂದಿತ್ತು. 20ರ ಒಳಗೆ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಬೇಕು; ತಡವಾದರೆ ದಂಡ. ಕರೆಸಿದ ಹುಡುಗ ಕೈಯಲ್ಲಿದ್ದ ಪಟ್ಟಿ ನೋಡಿಕೊಂಡು ಒಂದರ ಹಿಂದೊಂದು ಉಪಾಯ ಮಾಡಿದ. ನಾಲ್ಕೂ ಗಣಕಗಳ ಫೈರ್‌ವಾಲ್ ಆರಿಸಿದ. ಲೆಕ್ಕದ ಫೋಲ್ಡರಿಗೆ ‘ಎಲ್ಲರಿಗೂ ಪೂರ್ಣ ಅಧಿಕಾರ’ ಕೊಟ್ಟ. ವೈರಸ್ ನಿರೋಧಕ ತಂತ್ರಾಂಶವನ್ನು ತೆಗೆದ. ಕೊನೆಗೆ ಕೋಣೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೊದಲು ಮುಖ್ಯ ಗಣಕ, ಆಮೇಲೆ ಉಳಿದವು ಎಂದು ಹಚ್ಚಿದ. ಲೆಕ್ಕ ತೆರೆಯಿತು. ‘ಫೈರ್‌ವಾಲ್‌ನದೇ ತೊಂದರೆ. ಇನ್ನು ಅದನ್ನು ಹಚ್ಚಬೇಡಿ’ ಎಂದು ಹೇಳಿ ಹೋದ.

ಆರು ವಾರಗಳ ನಂತರ ಅದೇ ಸಂದೇಶ ಮತ್ತೆ ಬಂತು. ಅಷ್ಟರೊಳಗೆ ಇನ್ನೊಂದು ಅನಾಹುತವೂ ಆಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಹುಡುಗನ ತೀರ್ಮಾನವನ್ನು ಗಮನಿಸಿ. ಅವನು ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿ, ಫಲ ಬಂದಾಗ ಅದರ ಕೀರ್ತಿಯನ್ನು ತನಗಿಷ್ಟವಾದ ಒಂದಕ್ಕೆ ಕೊಟ್ಟ. ನಮ್ಮ ಪ್ರಯೋಗಾಲಯದಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿ ಹೀಗೆ ಮಾಡಿದರೆ ದಾಖಲೆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಒಂದು ಸಲಕ್ಕೆ ಒಂದು ಚರವನ್ನು ಮಾತ್ರ ಬದಲಿಸಬೇಕು ಎಂಬುದು ಅಲ್ಲಿ ಮೊದಲ ಪಾಠ. ಆದರೆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನ ಮುಂದಿದ್ದ ಸಂದೇಶ ಅವನಿಗೆ ಏನನ್ನೂ ಹೇಳಿರಲಿಲ್ಲ.

ಹಳೆಯ ಗುಮಾಸ್ತರ ಜಾಣ್ಮೆ

ಒಳ್ಳೆಯ ದೋಷಸೂಚನೆ ಹೇಗಿರಬೇಕು ಎಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ, ಲೆಕ್ಕಶಾಸ್ತ್ರದಲ್ಲೇ ಇದೆ. ತಾಳೆಪಟ್ಟಿಯಲ್ಲಿ ಜಮಾ ಮತ್ತು ಖರ್ಚಿನ ಮೊತ್ತಗಳು ಹೊಂದದಿದ್ದಾಗ ಹಳೆಯ ಗುಮಾಸ್ತರು ಇಡೀ ಪುಸ್ತಕವನ್ನು ಮೊದಲಿಂದ ಓದುತ್ತಿರಲಿಲ್ಲ. ಮೊದಲು ವ್ಯತ್ಯಾಸವನ್ನು ನೋಡುತ್ತಿದ್ದರು. ಅದು 9ರಿಂದ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು. 5400 ಎಂದು ಬರೆಯಬೇಕಾದಲ್ಲಿ 4500 ಎಂದು ಬರೆದರೆ ವ್ಯತ್ಯಾಸ 900. ಕಾರಣ ಸರಳ. ಹತ್ತರ ಸ್ಥಾನದ ಅಂಕಿ ‘ಕ’, ಬಿಡಿ ಸ್ಥಾನದ ಅಂಕಿ ‘ಖ’ ಆಗಿದ್ದರೆ (10ಕ + ಖ) − (10ಖ + ಕ) = 9(ಕ − ಖ). ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧದಷ್ಟು ಮೊತ್ತದ ದಾಖಲೆಯನ್ನು ಹುಡುಕುತ್ತಿದ್ದರು. ಜಮಾ ಬದಿಗೆ ಹೋಗಬೇಕಾದದ್ದು ಖರ್ಚಿನ ಬದಿಗೆ ಹೋದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಅಂದರೆ, ತಪ್ಪಿನ ಗಾತ್ರವೇ ತಪ್ಪಿನ ಜಾತಿಯನ್ನು ಹೇಳುತ್ತದೆ.

ಭೌತಶಾಸ್ತ್ರದಿಂದ ಇನ್ನೊಂದು ಉದಾಹರಣೆ. ಹತ್ತೊಂಬತ್ತನೆಯ ಶತಮಾನದ ತಂತಿ ಎಂಜಿನಿಯರುಗಳಿಗೆ ನೆಲದಡಿಯ ಅಥವಾ ಸಮುದ್ರದಡಿಯ ಕೇಬಲ್ಲು ಎಲ್ಲಿ ಕೆಟ್ಟಿದೆ ಎಂದು ಅಗೆದು ನೋಡುವ ಅನುಕೂಲ ಇರಲಿಲ್ಲ. ಅವರು ಕೆಟ್ಟ ತಂತಿಯನ್ನೂ ಅದರ ಜೊತೆಗಿನ ಒಳ್ಳೆಯ ತಂತಿಯನ್ನೂ ದೂರದ ತುದಿಯಲ್ಲಿ ಜೋಡಿಸಿ, ಈ ತುದಿಯಲ್ಲಿ ವೀಟ್‌ಸ್ಟನ್ ಸೇತುವೆ ಕಟ್ಟಿ ರೋಧಗಳ ಅನುಪಾತ ಅಳೆಯುತ್ತಿದ್ದರು. ಇದಕ್ಕೆ ಮರ್ರೆ ಕುಣಿಕೆ ಪರೀಕ್ಷೆ ಎಂದು ಹೆಸರು. ತಂತಿ ಒಂದೊಂದೂ 10 ಕಿಲೋಮೀಟರ್ ಉದ್ದವಿದ್ದರೆ ಕುಣಿಕೆಯ ಉದ್ದ 20 ಕಿಲೋಮೀಟರ್. ಸೇತುವೆ ಸಮತೋಲಕ್ಕೆ ಬಂದಾಗ ಕುಣಿಕೆಯ ಎರಡು ಭಾಗಗಳು 3:1 ಅನುಪಾತದಲ್ಲಿದ್ದರೆ ದೋಷ ಇರುವುದು 5 ಕಿಲೋಮೀಟರ್ ದೂರದಲ್ಲಿ. ಗುದ್ದಲಿ ಹಿಡಿದವನು ನೇರ ಅಲ್ಲಿಗೇ ಹೋಗಬಹುದು.

ತಾಮ್ರದ ಒಂದು ತಂತಿಯಿಂದ ಇಷ್ಟು ಉತ್ತರ ಹೊರಡಿಸಿದ ಜನರ ಮುಂದೆ, ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರುವ ಯಂತ್ರ ‘ಸಾಧ್ಯವಾಗುತ್ತಿಲ್ಲ’ ಎಂದಷ್ಟೇ ಹೇಳುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಲೆಕ್ಕ ಹೋಗುವ ದಾರಿ

ಒಂದೇ ಲೆಕ್ಕವನ್ನು ಹಲವರು ಬಳಸುವ ವ್ಯವಸ್ಥೆಯಲ್ಲಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ಮುಖ್ಯ ಗಣಕ ಬರಿಯ ಕಪಾಟು. ಅದರಲ್ಲಿರುವ ಫೋಲ್ಡರನ್ನು ಜಾಲದಲ್ಲಿ ಹಂಚಿರುತ್ತಾರೆ. ಪ್ರತಿಯೊಂದು ಗಣಕದ ತಂತ್ರಾಂಶವೂ ಆ ಕಪಾಟಿಗೆ ತಾನೇ ಕೈಹಾಕಿ ಕಡತವನ್ನು ಓದುತ್ತದೆ, ತಿದ್ದುತ್ತದೆ. ಎರಡನೆಯದರಲ್ಲಿ ಕಪಾಟಿನ ಮುಂದೆ ಒಬ್ಬ ಉಗ್ರಾಣಿ ಇರುತ್ತಾನೆ. ದತ್ತಸಂಚಯ ಸರ್ವರ್ ಎಂಬ ತಂತ್ರಾಂಶವೇ ಆ ಉಗ್ರಾಣಿ. ಉಳಿದವರು ಅವನಲ್ಲಿ ಕೇಳಬೇಕು. ಕಡತವನ್ನು ಮುಟ್ಟುವವನು ಅವನೊಬ್ಬನೇ. ಮೊದಲ ವಿಧದಲ್ಲಿ, ಬರೆಯುತ್ತಿರುವಾಗಲೇ ಕೇಬಲ್ಲು ಸಡಿಲವಾದರೆ ಕಡತ ಅರ್ಧಂಬರ್ಧ ಉಳಿಯುವ ಅಪಾಯವಿದೆ. ಎರಡನೆಯದರಲ್ಲಿ ಉಗ್ರಾಣಿಯು ವ್ಯವಹಾರವನ್ನು ಒಂದೋ ಪೂರ್ತಿ ಬರೆಯುತ್ತಾನೆ, ಇಲ್ಲವೇ ಪೂರ್ತಿ ಬಿಡುತ್ತಾನೆ.

ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವ ಟ್ಯಾಲಿಯನ್ನು ನೋಡಿ. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯೊಂದರ ತಂತ್ರಾಂಶ ಅದು. ಅದರ ಸಾಮಾನ್ಯ ಬಹುಬಳಕೆದಾರ ವ್ಯವಸ್ಥೆ ಮೊದಲ ವಿಧದ್ದು. ಉಗ್ರಾಣಿ ಬೇಕೆಂದರೆ ಟ್ಯಾಲಿಪ್ರೈಮ್ ಸರ್ವರ್ ಎಂಬ ಪ್ರತ್ಯೇಕ ಉತ್ಪನ್ನವಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಾಮಾನ್ಯ ವ್ಯವಸ್ಥೆಯಲ್ಲಿ ದಾರಿಗಳು ಎರಡು. ಲೆಕ್ಕದ ಕಡತಗಳು ವಿಂಡೋಸ್‌ನ ಕಡತ ಹಂಚಿಕೆಯ ದಾರಿಯಲ್ಲಿ, ಅಂದರೆ 445ನೆಯ ದ್ವಾರದ ಮೂಲಕ ಬರುತ್ತವೆ. ಪರವಾನಗಿಯನ್ನು ವಿಚಾರಿಸುವ ಮಾತುಕತೆ ನಡೆಯುವುದು ಸಾಮಾನ್ಯವಾಗಿ 9999ನೆಯ ದ್ವಾರದಲ್ಲಿ. ಒಂದು ದಾರಿ ಮುಚ್ಚಿ ಇನ್ನೊಂದು ತೆರೆದಿರುವುದು ಸಾಧ್ಯ. ಕಂಪನಿಯ ಹೆಸರು ಪಟ್ಟಿಯಲ್ಲಿ ಕಾಣುತ್ತಿದ್ದು, ತಂತ್ರಾಂಶ ಮಾತ್ರ ಕಲಿಕೆಯ ಮಟ್ಟದಲ್ಲಿ ತೆರೆದರೆ, ಕೇಬಲ್ಲನ್ನು ಎಳೆದು ನೋಡುವ ಅಗತ್ಯವೇ ಇಲ್ಲ. ಕೇಬಲ್ಲು ಸರಿಯಿದೆ, ಹುಡುಕಬೇಕಾದದ್ದು ಪರವಾನಗಿಯ ದಾರಿಯಲ್ಲಿ.

ಅಮೆರಿಕದ ಇಂಟ್ಯೂಟ್ ಸಂಸ್ಥೆಯ ಕ್ವಿಕ್‌ಬುಕ್ಸ್‌ನ ಗಣಕದಲ್ಲೇ ಸ್ಥಾಪಿಸುವ ಆವೃತ್ತಿ ಎರಡನೆಯ ವಿಧದ್ದು. ಅದರಲ್ಲಿ ‘ಎಚ್202’ ಎಂಬ ದೋಷ ಲೋಕಪ್ರಸಿದ್ಧ. ಕಂಪನಿಯ ಕಡತ ಬೇರೊಂದು ಗಣಕದಲ್ಲಿದೆ, ಅಲ್ಲಿಗೆ ಸಂಪರ್ಕ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಸಂಖ್ಯೆ ಕೊಟ್ಟದ್ದು ಒಳ್ಳೆಯದೇ. ಆದರೆ ಮುಖ್ಯ ಗಣಕದ ಹೆಸರು ಪತ್ತೆಯಾಗದಿದ್ದರೂ, ಉಗ್ರಾಣಿ ತಂತ್ರಾಂಶ ನಿದ್ರಿಸುತ್ತಿದ್ದರೂ, ಫೈರ್‌ವಾಲ್ ತಡೆದರೂ ಬರುವುದು ಅದೇ ಸಂಖ್ಯೆ. ಜ್ವರ, ಮುರಿದ ಮೂಳೆ, ಹಲ್ಲುನೋವು ಮೂರಕ್ಕೂ ‘ಅಸ್ವಸ್ಥ’ ಎಂದು ಚೀಟಿ ಬರೆದಂತೆ.

ತಿಳಿದದ್ದನ್ನು ಮುಚ್ಚಿಡುವ ಸಂದೇಶ

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ತಂತ್ರಾಂಶಕ್ಕೆ ಕಾರಣ ತಿಳಿಯದೆ ಅದು ಸುಮ್ಮನಿರುತ್ತದೆ ಎಂದು ನೀವು ಭಾವಿಸಿರಬಹುದು. ಹಾಗಲ್ಲ. ಸಂಪರ್ಕದ ಪ್ರಯತ್ನ ವಿಫಲವಾದಾಗ ವಿಂಡೋಸ್ ಪ್ರತಿಸಲವೂ ತಂತ್ರಾಂಶಕ್ಕೆ ಒಂದು ಸಂಖ್ಯೆಯನ್ನು ಕೊಡುತ್ತದೆ. 11001 ಎಂದರೆ ಆ ಹೆಸರಿನ ಗಣಕ ಪತ್ತೆಯಾಗಲಿಲ್ಲ. 10060 ಎಂದರೆ ಕೂಗಿದರೂ ನಿಗದಿತ ಸಮಯದಲ್ಲಿ ಉತ್ತರ ಬರಲಿಲ್ಲ. 10061 ಎಂದರೆ ಗಣಕ ಸಿಕ್ಕಿತು, ಆದರೆ ಆ ದ್ವಾರದಲ್ಲಿ ಯಾರೂ ಇಲ್ಲವೆಂದು ಅದು ಮರುನುಡಿಯಿತು. ಕಡತ ಹಂಚಿಕೆಯಲ್ಲಾದರೆ 53 ಎಂದರೆ ದಾರಿ ಸಿಗಲಿಲ್ಲ. 5 ಎಂದರೆ ದಾರಿ ಸಿಕ್ಕಿತು, ಒಳಗೆ ಬಿಡಲಿಲ್ಲ. 1326 ಎಂದರೆ ಬಳಕೆದಾರನ ಹೆಸರು ಅಥವಾ ಗುಪ್ತಪದ ತಪ್ಪು.

ಇವುಗಳ ನಡುವಿನ ಅಂತರ ದೊಡ್ಡದು. 10060 ಬಂದರೆ ಫೈರ್‌ವಾಲ್, ಕೇಬಲ್ಲು ಅಥವಾ ವಿಳಾಸವನ್ನು ಸಂಶಯಿಸಬೇಕು. 10061 ಬಂದರೆ ಸಾಮಾನ್ಯವಾಗಿ ಕೇಬಲ್ಲು ನಿರ್ದೋಷಿ. ಆ ವಿಳಾಸದ ಗಣಕ ನಮ್ಮದೇ ಹೌದೇ, ಹೌದಾದರೆ ಅದರಲ್ಲಿ ಸೇವೆ ಚಾಲೂ ಇದೆಯೇ ಎಂದು ನೋಡಬೇಕು. 5 ಬಂದರೆ ಫೈರ್‌ವಾಲನ್ನು ಮುಟ್ಟುವುದೇ ತಪ್ಪು. ಇಷ್ಟೆಲ್ಲ ಕೈಯಲ್ಲಿರುವ ತಂತ್ರಾಂಶವು ಆರೂ ಸಂಖ್ಯೆಗಳನ್ನು ಒಂದೇ ಡಬ್ಬಿಗೆ ಸುರಿದು ‘ಸಂಪರ್ಕಿಸಲು ಸಾಧ್ಯವಾಗುತ್ತಿಲ್ಲ’ ಎಂಬ ಚೀಟಿ ಅಂಟಿಸುತ್ತದೆ. ಅಳತೆ ಮಾಡಿಯೂ ಫಲಿತಾಂಶವನ್ನು ದಾಖಲಿಸದೆ ಎಸೆದಂತಾಯಿತು.

ಸಂಖ್ಯೆಯನ್ನು ತೋರಿಸಿದರೂ ಅದನ್ನು ಒಗಟಾಗಿ ತೋರಿಸುವುದುಂಟು. ಹಂಚಿದ ಫೋಲ್ಡರು ಸಿಗದಿದ್ದಾಗ ವಿಂಡೋಸ್ ತೋರಿಸುವ ಸಂಖ್ಯೆಯಲ್ಲಿ ಮುಂದಿನ ಸೊನ್ನೆ ಮತ್ತು ‘ಎಕ್ಸ್’ ಬಿಟ್ಟರೆ 80070035 ಎಂದಿರುತ್ತದೆ. ಭಯಪಡಬೇಡಿ. ಇದು ಹದಿನಾರರ ಪದ್ಧತಿಯ ಸಂಖ್ಯೆ. ಕೊನೆಯ 35ನ್ನು ಬಿಡಿಸಿ: 3 × 16 + 5 = 53. ಮೇಲೆ ಹೇಳಿದ ‘ದಾರಿ ಸಿಗಲಿಲ್ಲ’ ಎಂಬ ಹಳೆಯ ಪರಿಚಿತನೇ ವೇಷ ಹಾಕಿ ನಿಂತಿದ್ದಾನೆ. 80070005 ಎಂದಿದ್ದರೆ ಅದು 5, ಪ್ರವೇಶ ನಿರಾಕರಣೆ. ಪ್ರೌಢಶಾಲೆಯ ಗಣಿತ ಸಾಕಾಗುವ ಈ ಸಂಗತಿಯನ್ನು ಯಾವ ದೋಷಸಂದೇಶವೂ ಬಿಡಿಸಿ ಹೇಳಿದ್ದನ್ನು ನಾನು ನೋಡಿಲ್ಲ.

ಹತ್ತು ಉಪಾಯಗಳ ಪಟ್ಟಿ

ಸಂದೇಶ ಬರಿದಾಗಿದ್ದರೆ ಆ ಜಾಗವನ್ನು ತುಂಬಲು ‘ಹತ್ತು ಉಪಾಯಗಳು’ ಎಂಬ ಪಟ್ಟಿಗಳು ಹುಟ್ಟುತ್ತವೆ. ಇವುಗಳಲ್ಲಿ ಬಿಡಿಬಿಡಿಯಾಗಿ ಸತ್ಯವಿದೆ. ನನ್ನ ಟೀಕೆ ಇರುವುದು ಅವುಗಳ ಕ್ರಮದ ಬಗ್ಗೆ. ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಪ್ರಶ್ನೆ. ಆದರೆ ಬರುವುದು ಬದಲಾವಣೆ. ಏನನ್ನೂ ಕೆಡಿಸದೆ ಉತ್ತರ ಕೊಡುವ ಪರೀಕ್ಷೆಗಳು ಕೊನೆಯಲ್ಲಿ, ಇರುವುದನ್ನು ಕದಲಿಸುವ ಉಪಾಯಗಳು ಮೊದಲಲ್ಲಿ.

ಫೈರ್‌ವಾಲ್ ಆರಿಸುವುದನ್ನೇ ತೆಗೆದುಕೊಳ್ಳಿ. ಒಂದು ನಿಮಿಷ ಆರಿಸಿ, ಸಂಪರ್ಕ ಬಂತೇ ಎಂದು ನೋಡಿ, ಮತ್ತೆ ಹಚ್ಚಿದರೆ ಅದೊಂದು ಪ್ರಯೋಗ. ಆರಿಸಿಯೇ ಬಿಟ್ಟರೆ ಅದು ಬಾಗಿಲ ಬೀಗ ಗಟ್ಟಿಯೆಂದು ಬಾಗಿಲನ್ನೇ ಕಿತ್ತಿಟ್ಟಂತೆ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಒಂದು ಗಣಕದಿಂದ ಇನ್ನೊಂದಕ್ಕೆ ಹಾರಿದ್ದು ನಾವು ಲೆಕ್ಕ ಹಂಚಿಕೊಳ್ಳುವ ಅದೇ 445ನೆಯ ದ್ವಾರದ ಮೂಲಕ. ಅದರ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಹೊರಡಿಸಿತ್ತು. ಹಾಕಿಕೊಳ್ಳದವರು ಕಡತಗಳನ್ನು ಕಳೆದುಕೊಂಡರು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಭದ್ರತೆಯನ್ನು ಬಿಗಿಗೊಳಿಸಿದಾಗಲೂ ಸಂಪರ್ಕ ತಪ್ಪುತ್ತದೆ. 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಕಡತ ಹಂಚಿಕೆಯ ಹಳೆಯ ಮೊದಲ ಆವೃತ್ತಿಯನ್ನು ಹೊಸ ಸ್ಥಾಪನೆಗಳಲ್ಲಿ ಕೈಬಿಡಲಾಯಿತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ವೃತ್ತಿಪರ ರೂಪದಲ್ಲಿ, ಗುಪ್ತಪದವಿಲ್ಲದ ‘ಅತಿಥಿ’ಯಾಗಿ ಹಂಚಿದ ಫೋಲ್ಡರಿಗೆ ಹೋಗುವುದನ್ನು ನಿಲ್ಲಿಸಲಾಯಿತು. ನಿನ್ನೆಯವರೆಗೆ ನಡೆಯುತ್ತಿದ್ದ ಲೆಕ್ಕ ಇಂದು ನಿಂತರೆ, ರಾತ್ರಿ ಗಣಕ ತಾನಾಗಿ ನವೀಕರಣಗೊಂಡಿತೇ ಎಂದು ಕೇಳುವುದು ಒಳ್ಳೆಯ ಪ್ರಶ್ನೆ. ಹಾಗೆಯೇ ಹೊಸ ಗಣಕವೊಂದನ್ನು ಸೇರಿಸಿದ ಮೇಲೆ ಕೊನೆಯವರಿಗೆ ಮಾತ್ರ ಪ್ರವೇಶ ಸಿಗದಿದ್ದರೆ ಎಣಿಕೆ ಮಾಡಿ. ಸಾಮಾನ್ಯ ವಿಂಡೋಸ್ 10 ಅಥವಾ 11 ಗಣಕ ಒಮ್ಮೆಗೆ 20 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ. ಹಳೆಯ ಎಕ್ಸ್‌ಪಿ ವೃತ್ತಿಪರ ಆವೃತ್ತಿಯಲ್ಲಿ ಈ ಮಿತಿ 10 ಇತ್ತು.

ಮಾರುತ್ತರ ಕೊಟ್ಟವರು ಯಾರು?

ಈಗ ಬಂದರಿನ ಅಂಗಡಿಗೆ ಮರಳೋಣ. ಎರಡನೆಯ ಸಲ ಸಂದೇಶ ಬಂದಾಗ ಭಾವ ನನಗೆ ಫೋನು ಮಾಡಿದರು. ನಾನು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಹೋದೆ. ಯಾವುದನ್ನೂ ಬದಲಿಸದೆ, ನೋಡಿದ್ದನ್ನು ಬರೆಯುತ್ತ ಹೋಗುವುದು ಎಂದು ನಿಶ್ಚಯಿಸಿದ್ದೆ. ಆ ಕ್ರಮವನ್ನು ನೀವೂ ಅನುಸರಿಸಬಹುದು.

ಮೊದಲ ಪ್ರಶ್ನೆ: ದೋಷ ಒಂದೇ ಗಣಕದಲ್ಲೋ ಎಲ್ಲದರಲ್ಲೋ? ಮೂರರಲ್ಲೂ ಇತ್ತು. ಹಾಗಿದ್ದರೆ ಒಂದೊಂದರ ಕೇಬಲ್ಲನ್ನು ಸಂಶಯಿಸುವ ಅಗತ್ಯವಿಲ್ಲ. ದೋಷ ಮುಖ್ಯ ಗಣಕದಲ್ಲಿ ಅಥವಾ ಎಲ್ಲರಿಗೂ ಸಮಾನವಾದ ದಾರಿಯಲ್ಲಿ ಇರಬೇಕು. ಒಂದು ಪ್ರಶ್ನೆಯಿಂದ ಹುಡುಕುವ ಕ್ಷೇತ್ರ ಅರ್ಧಕ್ಕಿಂತ ಕಡಿಮೆಯಾಯಿತು.

ಎರಡನೆಯದು: ದಾರಿ ಇದೆಯೇ? ಇದಕ್ಕೆ ‘ಪಿಂಗ್’ ಎಂಬ ಆದೇಶವಿದೆ. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ ಇದನ್ನು ಬರೆದು, ಜಲಾಂತರ್ಗಾಮಿಗಳ ಸೋನಾರ್ ಧ್ವನಿಯ ಹೆಸರನ್ನು ಇಟ್ಟ. ಕೂಗು ಕಳಿಸಿ ಪ್ರತಿಧ್ವನಿಗೆ ಕಾಯುವುದೇ ಇದರ ತತ್ತ್ವ. ಮುಖ್ಯ ಗಣಕದ ವಿಳಾಸ 192.168.1.5 ಎಂದು ತಂತ್ರಾಂಶದಲ್ಲಿ ನಮೂದಾಗಿತ್ತು. ಪಿಂಗ್ ಮಾಡಿದೆ. ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬಂತು. ‘ನೋಡಿ, ಲೈನು ಸರಿಯಿದೆ’ ಎಂದರು ಭಾವ.

ಮೂರನೆಯದು: ದ್ವಾರ ತೆರೆದಿದೆಯೇ? ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆದೇಶಕ್ಕೆ ವಿಳಾಸವನ್ನೂ ದ್ವಾರದ ಸಂಖ್ಯೆಯನ್ನೂ ಕೊಟ್ಟರೆ ಉತ್ತರ ಸಿಗುತ್ತದೆ. 445ನೆಯ ದ್ವಾರ ತೆರೆಯಲಿಲ್ಲ. ಪಟ್ಟಿಯ ಪ್ರಕಾರ ಈಗ ಫೈರ್‌ವಾಲನ್ನು ದೂರಬೇಕು. ಆದರೆ ಫೈರ್‌ವಾಲ್ ಆರು ವಾರಗಳಿಂದ ಆರಿಯೇ ಇತ್ತಲ್ಲ! ಸಿದ್ಧಾಂತಕ್ಕೂ ಪ್ರಯೋಗಕ್ಕೂ ಹೊಂದದಿದ್ದಾಗ ಸಂತೋಷಪಡಬೇಕು. ಏಕೆಂದರೆ ಹೊಸದೇನೋ ತಿಳಿಯಲಿದೆ.

ನಾಲ್ಕನೆಯದು: ಮುಖ್ಯ ಗಣಕ ತನ್ನ ವಿಳಾಸ ಏನೆಂದು ಹೇಳುತ್ತದೆ? ಅದರ ಮುಂದೆ ಕುಳಿತು ‘ಐಪಿಕಾನ್ಫಿಗ್’ ಎಂದು ಕೊಟ್ಟೆ. 169.254 ಎಂದು ಆರಂಭವಾಗುವ ವಿಳಾಸ ಕಾಣಿಸಿತು. ಈ ಆರು ಅಂಕೆಗಳ ಮೇಲೆ ಕಣ್ಣಿಡಲು ಕಲಿಯಿರಿ. ಗಣಕಕ್ಕೆ ಸರಿಯಾದ ವಿಳಾಸ ದಕ್ಕದಿದ್ದಾಗ ಅದು ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ 169.254ರಿಂದ ಆರಂಭವಾಗುತ್ತದೆ.

ಹಾಗಾದರೆ 192.168.1.5ರಿಂದ ಮಾರುತ್ತರ ಕೊಟ್ಟವರು ಯಾರು? ‘ಎಆರ್‌ಪಿ’ ಎಂಬ ಆದೇಶ, ಯಾವ ವಿಳಾಸದ ಹಿಂದೆ ಯಾವ ಯಂತ್ರಾಂಶ ಇದೆಯೆಂಬ ಪಟ್ಟಿಯನ್ನು ಕೊಡುತ್ತದೆ. ಜಾಲದ ಪ್ರತಿಯೊಂದು ಉಪಕರಣಕ್ಕೂ ತಯಾರಕರು ಕೊಟ್ಟ ಒಂದು ಗುರುತಿನ ಸಂಖ್ಯೆ ಇರುತ್ತದೆ. ಪಟ್ಟಿಯಲ್ಲಿದ್ದ ಗುರುತು ಮುಖ್ಯ ಗಣಕದ್ದಾಗಿರಲಿಲ್ಲ. ಅಂಗಡಿಗೆ ಮಳೆಗಾಲದ ಆರಂಭದಲ್ಲಿ ಕಾವಲು ಕ್ಯಾಮರಾಗಳನ್ನು ಹಾಕಿಸಿದ್ದರು. ಅವುಗಳ ಚಿತ್ರ ದಾಖಲಿಸುವ ಪೆಟ್ಟಿಗೆಯ ಜಾಲದ ಕೇಬಲ್ಲನ್ನು ತೆಗೆದೆ. ಪಿಂಗ್‌ನ ಉತ್ತರ ನಿಂತಿತು. ಮತ್ತೆ ಸಿಕ್ಕಿಸಿದೆ, ಉತ್ತರ ಬಂತು. ಅನುಮಾನ ನಿಶ್ಚಯವಾಯಿತು.

ನಡೆದದ್ದು ಇಷ್ಟು. ಮುಖ್ಯ ಗಣಕಕ್ಕೆ 192.168.1.5 ಎಂಬ ವಿಳಾಸವನ್ನು ಯಾರೋ ಕೈಯಿಂದ ಬರೆದಿಟ್ಟಿದ್ದರು. ರೌಟರ್‌ಗೆ ಅದು ಗೊತ್ತಿಲ್ಲ. ಅದು ತನ್ನಲ್ಲಿ ಕೇಳಿದವರಿಗೆ ಹಂಚುವ ವಿಳಾಸಗಳಲ್ಲಿ ಈ ವಿಳಾಸವೂ ಸೇರಿತ್ತು. ಕರೆಂಟು ಹೋಗಿ ಬಂದ ರಾತ್ರಿ ಅಂಗಡಿ ಮುಚ್ಚಿತ್ತು, ಗಣಕ ಆರಿತ್ತು, ಕ್ಯಾಮರಾ ಪೆಟ್ಟಿಗೆ ಮಾತ್ರ ಎಚ್ಚರವಾಗಿ ವಿಳಾಸ ಕೇಳಿತು. ರೌಟರ್ ಖಾಲಿಯಿದ್ದ 5ನ್ನು ಕೊಟ್ಟಿತು. ಬೆಳಗ್ಗೆ ಎದ್ದ ಮುಖ್ಯ ಗಣಕ ತನ್ನ ವಿಳಾಸದಲ್ಲಿ ಬೇರೆಯವರು ವಾಸವಾಗಿರುವುದನ್ನು ಕಂಡು ಹಿಂದೆ ಸರಿಯಿತು. ಮೊದಲ ಸಲ ಎಲ್ಲವನ್ನೂ ಆರಿಸಿ ಮುಖ್ಯ ಗಣಕವನ್ನು ಮೊದಲು ಹಚ್ಚಿದಾಗ ಅದಕ್ಕೆ ತನ್ನ ಮನೆ ಸಿಕ್ಕಿತು. ಕೆಲಸ ಮಾಡಿದ್ದು ಸ್ವಿಚ್ಚು ಹಚ್ಚಿದ ಕ್ರಮ; ಶಿಕ್ಷೆಯಾದದ್ದು ಫೈರ್‌ವಾಲ್‌ಗೆ.

ರೌಟರ್ ಹಂಚುವ ವಿಳಾಸಗಳು 100ರಿಂದ ಆರಂಭವಾಗಲಿ ಎಂದು ಬದಲಿಸಿ, ಪೆಟ್ಟಿಗೆಯನ್ನೂ ಮುಖ್ಯ ಗಣಕವನ್ನೂ ಆರಿಸಿ ಹಚ್ಚಿದೆ. ಲೆಕ್ಕ ತೆರೆಯಿತು. ಆಮೇಲೆ ಫೈರ್‌ವಾಲ್‌ಗಳನ್ನು ಒಂದೊಂದಾಗಿ ಹಚ್ಚಿ, ಪ್ರತಿ ಸಲ ಲೆಕ್ಕ ತೆರೆದು ನೋಡಿದೆ. ಒಂದರಿಂದಲೂ ತೊಂದರೆಯಾಗಲಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಪಿಂಗ್‌ಗೆ ಉತ್ತರ ಬಂದರೆ, ಉತ್ತರಿಸಿದ್ದು ನೀವು ಹುಡುಕುವ ಗಣಕವೇ ಎಂದು ಖಚಿತಪಡಿಸಿಕೊಳ್ಳಿ. ಉತ್ತರ ಬಾರದಿದ್ದರೂ ಗಣಕ ಇಲ್ಲವೆಂದು ತೀರ್ಮಾನಿಸಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದಿರುವುದು ಸಾಮಾನ್ಯ.

ಕರಾವಳಿಯ ವಿಶೇಷ

ಒಂದೇ ಗಣಕಕ್ಕೆ ತೊಂದರೆಯಾಗಿದ್ದರೆ ಕೇಬಲ್ಲನ್ನು ಸಂಶಯಿಸುವುದು ನಮ್ಮೂರಲ್ಲಿ ಯೋಗ್ಯವೇ. ಕಡಲಗಾಳಿಯ ಉಪ್ಪು ಮತ್ತು ತೇವದಿಂದ ಸಂಪರ್ಕದ ಲೋಹ ಕಿಲುಬು ಹಿಡಿಯುತ್ತದೆ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಸ್ವಿಚ್ ಪೆಟ್ಟಿಗೆಯ ಒಂದೆರಡು ಕಿಂಡಿಗಳು ಸುಡುವುದು ಅಪರೂಪವಲ್ಲ. ಸಿಡಿಲು ನೇರ ಬಡಿಯಬೇಕೆಂದಿಲ್ಲ. ಅಂಗಡಿಯಿಂದ ಗೋದಾಮಿಗೆ ಎಳೆದ ಉದ್ದ ತಾಮ್ರದ ಕೇಬಲ್ಲು, ಹತ್ತಿರದ ಮಿಂಚಿನ ಬದಲಾಗುವ ಕಾಂತಕ್ಷೇತ್ರದಲ್ಲಿ ಫ್ಯಾರಡೆ ನಿಯಮದಂತೆ ವೋಲ್ಟೇಜು ಹುಟ್ಟಿಸಿಕೊಳ್ಳುತ್ತದೆ. ಜಾಲದ ಕಿಂಡಿಯ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು 1500 ವೋಲ್ಟುಗಳನ್ನು ತಡೆಯಬೇಕೆಂಬ ಮಾನದಂಡವಿದೆ. ಸಿಡಿಲಿನ ಪ್ರೇರಣೆ ಅದನ್ನು ಸುಲಭವಾಗಿ ಮೀರುತ್ತದೆ. ಎರಡು ಕಟ್ಟಡಗಳ ನಡುವೆ ಗಾಜಿನ ಎಳೆಯ ಕೇಬಲ್ಲು ಹಾಕುವುದು ಇದಕ್ಕೆ ಸರಿಯಾದ ಪರಿಹಾರ.

ತಾಮ್ರದ ಕೇಬಲ್ಲಿನಲ್ಲಿ ಮುರಿತ ಎಲ್ಲಿದೆ ಎಂದು ಹೇಳುವ ಉಪಕರಣಗಳೂ ಇವೆ. ಅವು ಒಂದು ಸ್ಪಂದವನ್ನು ಕಳಿಸಿ ಅದರ ಪ್ರತಿಧ್ವನಿಯ ಕಾಲವನ್ನು ಅಳೆಯುತ್ತವೆ. ಕೇಬಲ್ಲಿನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗ, ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್. ಪ್ರತಿಧ್ವನಿ 0.2 ಮೈಕ್ರೋಸೆಕೆಂಡಿನಲ್ಲಿ ಬಂದರೆ ಮುರಿತ 20 ಮೀಟರ್ ದೂರದಲ್ಲಿದೆ. ತಂತಿಗೆ ಈ ಸೌಲಭ್ಯ ಇದೆ. ತಂತ್ರಾಂಶಕ್ಕೆ ಏಕಿಲ್ಲ?

ತಯಾರಕರ ಸಮಜಾಯಿಷಿ

‘ಸಾಮಾನ್ಯ ಬಳಕೆದಾರರಿಗೆ ವಿವರ ಕೊಟ್ಟರೆ ಗೊಂದಲವಾಗುತ್ತದೆ’ ಎಂಬ ಸಮಾಧಾನವನ್ನು ನಾನು ಕೇಳಿದ್ದೇನೆ. ಇದರಲ್ಲಿ ಸ್ವಲ್ಪ ಹುರುಳಿದೆ. ತೋರಿಸುವ ಮಾತು ಸರಳವಾಗಿರಲಿ. ಆದರೆ ಸರಳ ಬೇರೆ, ಖಾಲಿ ಬೇರೆ. ‘192.168.1.5 ಎಂಬ ಗಣಕ ಉತ್ತರಿಸಿತು. ಆದರೆ ಅದರ 445ನೆಯ ದ್ವಾರ ತೆರೆಯಲಿಲ್ಲ. ಕಳೆದ ಸಲ ಸಂಪರ್ಕ ಸಿಕ್ಕಿದ್ದು ನಿನ್ನೆ ಸಂಜೆ 7.10ಕ್ಕೆ’ ಎಂಬ ಮಾತಿನಲ್ಲಿ ಯಾವ ಗೊಂದಲವಿದೆ? ಅಷ್ಟು ಇದ್ದರೆ ನನ್ನನ್ನು ಕರೆಸುವ ಅಗತ್ಯವೇ ಬೀಳುತ್ತಿರಲಿಲ್ಲ. ತಾಳೆಪಟ್ಟಿ ಹೊಂದದಿದ್ದರೆ ‘ಲೆಕ್ಕದಲ್ಲಿ ತಪ್ಪಿದೆ’ ಎಂದಷ್ಟೇ ಬರೆದು ಸಹಿ ಮಾಡುವ ಲೆಕ್ಕಪರಿಶೋಧಕನನ್ನು ನಾವು ಒಪ್ಪುವುದಿಲ್ಲ. ಅವನ ಕೆಲಸಕ್ಕೆಂದೇ ಮಾಡಿದ ತಂತ್ರಾಂಶದಿಂದ ಅಷ್ಟನ್ನೇ ಏಕೆ ಒಪ್ಪಬೇಕು?

ಯಾರ ಮೇಲೆ ಬಂತು?

ಆ ಆರು ವಾರಗಳಲ್ಲಿ ನಡೆದ ಅನಾಹುತವನ್ನು ಹೇಳುತ್ತೇನೆಂದಿದ್ದೆ. ‘ಎಲ್ಲರಿಗೂ ಪೂರ್ಣ ಅಧಿಕಾರ’ ಕೊಟ್ಟ ಮೇಲೆ, ಬಿಲ್ಲಿನ ಮೇಜಿನ ಗಣಕದಲ್ಲೂ ಲೆಕ್ಕದ ಫೋಲ್ಡರು ಬರಿಗಣ್ಣಿಗೆ ಕಾಣುತ್ತಿತ್ತು. ಒಂದು ದಿನ ಯಾರದೋ ಮೌಸ್ ಜಾರಿ ಒಂದು ಕಂಪನಿಯ ಇಡೀ ಫೋಲ್ಡರು ಇನ್ನೊಂದರ ಹೊಟ್ಟೆಯೊಳಗೆ ಸೇರಿತು. ಲೆಕ್ಕ ಕಾಣೆಯಾಯಿತು. ಅಂಗಡಿಯಲ್ಲಿ ಹದಿನೈದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳ ಮೇಲೆ ಎಲ್ಲರ ಬೆರಳು ತಿರುಗಿತು. ಎಲ್ಲರೂ ಒಂದೇ ಗುಪ್ತಪದ ಬಳಸುತ್ತಿದ್ದುದರಿಂದ, ತಾನಲ್ಲ ಎಂದು ಹೇಳಲು ಆಕೆಯ ಬಳಿ ಸಾಕ್ಷ್ಯವಿರಲಿಲ್ಲ. ಆಕೆ ಹಳೆಯ ಪ್ರತಿಯೊಂದನ್ನು ಹಾಕಿಸಿ, ಕಾಗದದ ವೋಚರುಗಳನ್ನು ನೋಡಿ ಮೂರು ದಿನಗಳ ಲೆಕ್ಕವನ್ನು ರಾತ್ರಿ ಕುಳಿತು ಮತ್ತೆ ಬರೆದಿದ್ದರು. ಕಾಣೆಯಾದ ಫೋಲ್ಡರು ಇನ್ನೊಂದರ ಒಳಗೆ ಇದ್ದದ್ದು ಸಿಕ್ಕಿದ್ದು ನಾನು ಅಧಿಕಾರಗಳನ್ನು ಸರಿಪಡಿಸುತ್ತಿದ್ದಾಗ. ಭಾವ ಅದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ಎಲ್ಲರ ಎದುರಿಗೆ ಆಕೆಯ ಕ್ಷಮೆ ಕೇಳಿದರೆಂದು ತಿಳಿಯಿತು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಜಾಲದ ಗಣಕಗಳ ಹೆಸರು ಮತ್ತು ವಿಳಾಸಗಳನ್ನು, ಕ್ಯಾಮರಾ ಪೆಟ್ಟಿಗೆ, ಮುದ್ರಣಯಂತ್ರಗಳನ್ನೂ ಬಿಡದೆ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಲೆಕ್ಕ ಮುಟ್ಟುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಪ್ತಪದವಿರಲಿ. ದಿನವೂ ಪ್ರತಿ ತೆಗೆದು ಬೇರೆ ಕಡೆ ಇಡಿ. ದೋಷ ಕಂಡ ದಿನ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ಕಾಣದಿದ್ದರೆ ಬದಲಿಸಿದ್ದನ್ನು ಮೊದಲಿನಂತೆ ಮಾಡಿ. ದುರಸ್ತಿಗೆ ಬಂದವರು ‘ಈಗ ಸರಿಯಾಯಿತು’ ಎಂದಾಗ ‘ಏನಾಗಿತ್ತು?’ ಎಂದು ಕೇಳಿ. ಉತ್ತರ ಬಾರದಿದ್ದರೆ ದೋಷ ಇನ್ನೂ ಅಂಗಡಿಯಲ್ಲೇ ಇದೆ ಎಂದು ತಿಳಿಯಿರಿ.